ಪೇಟೆಂಟ್ ಗುತ್ತಿಗೆ, ಪಿತ್ರಾರ್ಜಿತವಲ್ಲ

ಔಷಧಿಗಳ ಪೇಟೆಂಟ್ ವಿಷಯ ಬಂದಾಗಲೆಲ್ಲ ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ, ಉದ್ಯಮ ಸಂಘಟನೆಗಳ ಸಭೆಗಳಲ್ಲಿ, ಈಚೀಚೆಗೆ ದೆಹಲಿಯ ಸಚಿವಾಲಯಗಳಲ್ಲೂ ಒಂದೇ ಮಾತು ಕೇಳಿಬರುತ್ತದೆ. ಪೇಟೆಂಟ್ ಎಂದರೆ ಆಸ್ತಿ, ಸಾರ್ವಜನಿಕ ಹಿತದ ಹೆಸರು ಹೇಳಿ ಸರ್ಕಾರ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟರೆ ಅದು ದರೋಡೆ, ದರೋಡೆ ನಡೆಯುವ ಊರಿಗೆ ಬಂಡವಾಳ ಬರುವುದಿಲ್ಲ, ಹೊಸ ಔಷಧಿಯೂ ಹುಟ್ಟುವುದಿಲ್ಲ. ಕಾನೂನಿನಲ್ಲಿ ಅಧಿಕಾರ ಇದೆಯಲ್ಲ ಎಂದು ಕೇಳಿದರೆ, ಇದೆ, ಆದರೆ ಅದು ಕೊನೆಯ ಅಸ್ತ್ರ, ಕಪಾಟಿನಲ್ಲಿದ್ದರೇ ಚೆಂದ ಎನ್ನುತ್ತಾರೆ. ಎಷ್ಟೋ ವರ್ಷಗಳಿಂದ ಇದನ್ನೇ ಕೇಳಿ ಕೇಳಿ, ಓದು ಬಲ್ಲವರೂ ಪ್ರಶ್ನಿಸುವುದನ್ನು ಬಿಟ್ಟಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಈ ವಾದ ಬುಡದಿಂದಲೇ ತಪ್ಪು, ಮತ್ತು ಇದನ್ನು ನಂಬಿ ಸರ್ಕಾರ ಕೈಕಟ್ಟಿ ಕೂತಿರುವುದರಿಂದ ಬದುಕಬಹುದಾಗಿದ್ದ ಜನ ಸಾಯುತ್ತಿದ್ದಾರೆ.

ಮೊದಲು ಆಸ್ತಿಯ ಮಾತು ನೋಡೋಣ. ಪೇಟೆಂಟ್ ಯಾರಿಗೂ ಅಜ್ಜನಿಂದ ಬಂದದ್ದಲ್ಲ. ಸರ್ಕಾರದ ಕಚೇರಿಗೆ ಅರ್ಜಿ ಹಾಕಿ, ಪರೀಕ್ಷೆ ಮುಗಿಸಿ, ಸರ್ಕಾರ ಕೊಟ್ಟ ಮೇಲಷ್ಟೇ ಅದು ಹುಟ್ಟುತ್ತದೆ. 20 ವರ್ಷಕ್ಕೆ ಮುಗಿಯುತ್ತದೆ. ಆ 20 ವರ್ಷ ಬೇರೆ ಯಾರೂ ಆ ವಸ್ತು ಮಾಡದಂತೆ ನೋಡಿಕೊಳ್ಳುವ ಕಾವಲುಗಾರನೂ ಸರ್ಕಾರವೇ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಇದು ಗುತ್ತಿಗೆ. ಗುತ್ತಿಗೆ ಕರಾರಿನಲ್ಲಿ ಷರತ್ತುಗಳಿರುತ್ತವೆ, ಇಲ್ಲೂ ಇವೆ. 1970ರ ಪೇಟೆಂಟ್ ಕಾಯಿದೆಯ 83ನೆಯ ಕಲಂ ಅವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ: ವಿದೇಶದಿಂದ ತರಿಸಿ ಮಾರುವ ಏಕಸ್ವಾಮ್ಯ ಅನುಭವಿಸಲಿ ಎಂದಷ್ಟೇ ಪೇಟೆಂಟ್ ಕೊಡುವುದಿಲ್ಲ, ಅದರ ಫಲ ಜನರ ಕೈಗೆಟಕುವ ಬೆಲೆಯಲ್ಲಿ ಸಿಗಬೇಕು. ಪೇಟೆಂಟ್ ಕೊಟ್ಟು ಮೂರು ವರ್ಷ ಕಳೆದ ಮೇಲೂ ಜನರ ಅಗತ್ಯ ಪೂರೈಸದಿದ್ದರೆ, ಬೆಲೆ ಕೈಗೆಟಕದಿದ್ದರೆ, ಅಥವಾ ಆವಿಷ್ಕಾರ ಈ ನೆಲದಲ್ಲಿ ಬಳಕೆಗೆ ಬರದಿದ್ದರೆ, 84ನೆಯ ಕಲಮಿನ ಪ್ರಕಾರ, ಮಾಲೀಕ ಒಪ್ಪದಿದ್ದರೂ ಅದನ್ನು ತಯಾರಿಸಿ ಮಾರಲು ಬೇರೆಯವರು ಕಡ್ಡಾಯ ಪರವಾನಗಿ ಕೇಳಬಹುದು. ತುರ್ತು ಬಂದರೆ 92ನೆಯ ಕಲಮಿನಡಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಬಹುದು. ತನ್ನ ಬಳಕೆಗೆ ಬೇಕೆಂದರೆ 100ನೆಯ ಕಲಂ ಇದೆ, ಪೂರ್ತಿ ಸ್ವಾಧೀನಕ್ಕೆ 102 ಇದೆ, ಸಾರ್ವಜನಿಕ ಹಿತಕ್ಕೆ ಧಕ್ಕೆಯಾದರೆ ರದ್ದು ಮಾಡಲು 66 ಇದೆ. ಪೇಟೆಂಟ್‌ಗೆ ಅರ್ಜಿ ಹಾಕುವ ಪ್ರತಿ ಕಂಪನಿಯ ವಕೀಲರೂ ಇವನ್ನೆಲ್ಲ ಓದಿಯೇ ಅರ್ಜಿ ಹಾಕುತ್ತಾರೆ. ಷರತ್ತಿಗೆ ಒಪ್ಪಿ ಗುತ್ತಿಗೆ ಪಡೆದವರು ಷರತ್ತು ಜಾರಿಯಾದ ದಿನ ದರೋಡೆ ಎಂದು ಕೂಗಿದರೆ ಅದಕ್ಕೆ ಕಿವಿಗೊಡಬೇಕಾಗಿಲ್ಲ.

ಸಾರ್ವಜನಿಕ ಹಿತ ಎಂಬ ಮಾತು ನಮ್ಮ ರಾಜ್ಯಕ್ಕೆ ಹೊಸದೇನೂ ಅಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಫಲವತ್ತಾದ ಜಮೀನನ್ನು ಕೈಗಾರಿಕೆಗೆಂದು ವಶಪಡಿಸಿಕೊಳ್ಳಲು ಹೊರಟಾಗ ಬಳಕೆಯಾದದ್ದೂ ಇದೇ ಮಾತು. ಮೂರು ವರ್ಷಕ್ಕೂ ಹೆಚ್ಚು ಕಾಲ ರೈತರು ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಅಷ್ಟೂ ದಿನ ಭೂಸ್ವಾಧೀನ ಬೇಕೇ ಬೇಕು ಎನ್ನುತ್ತಿದ್ದವರೇ ಪೇಟೆಂಟ್ ವಿಷಯಕ್ಕೆ ಬಂದರೆ ಆಸ್ತಿಯ ಹಕ್ಕು ಪವಿತ್ರ ಎನ್ನುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಜಮೀನು ಹೋದ ರೈತನಿಗೆ ಜಮೀನು ಹೋಯಿತು. ಅವನ ಮಕ್ಕಳಿಗೂ ಹೋಯಿತು. ಕಡ್ಡಾಯ ಪರವಾನಗಿ ಕೊಟ್ಟರೆ ಕಂಪನಿಯ ಪೇಟೆಂಟ್ ಕಂಪನಿಯದ್ದೇ ಆಗಿ ಉಳಿಯುತ್ತದೆ. ಅದು ತನ್ನ ಔಷಧಿಯನ್ನು ತನ್ನ ಬೆಲೆಗೆ ಮಾರುತ್ತಲೇ ಇರಬಹುದು. ಮೇಲಾಗಿ, ಪರವಾನಗಿ ಪಡೆದವನು ಮಾರಿದ ಪ್ರತಿ ಮಾತ್ರೆಯ ಮೇಲೆ ರಾಯಧನ ಬರುತ್ತದೆ. ಈ ಎರಡರಲ್ಲಿ ಯಾವುದನ್ನು ಕಿತ್ತುಕೊಳ್ಳುವುದು ಎನ್ನಬೇಕು?

ಇದೆಲ್ಲ ಪುಸ್ತಕದ ಮಾತಲ್ಲ, ಒಮ್ಮೆ ನಡೆದಿದೆ. ನೆಕ್ಸಾವರ್ ಎಂಬ ಹೆಸರಿನಲ್ಲಿ ಬೇಯರ್ ಕಂಪನಿ ಮಾರುತ್ತಿದ್ದ ಸೊರಾಫೆನಿಬ್ ಔಷಧಿ ಯಕೃತ್ತಿನ ಮತ್ತು ಮೂತ್ರಪಿಂಡದ ಮುಂದುವರಿದ ಕ್ಯಾನ್ಸರಿಗೆ ಕೊಡುವಂಥದ್ದು. ಕಾಯಿಲೆ ವಾಸಿ ಮಾಡುವುದಿಲ್ಲ, ಆಯುಸ್ಸನ್ನು ಕೆಲವು ತಿಂಗಳು ಹಿಗ್ಗಿಸುತ್ತದೆ. ದಿನಕ್ಕೆ ನಾಲ್ಕು ಮಾತ್ರೆ, ತಿಂಗಳಿಗೆ 120. ಆ 120 ಮಾತ್ರೆಗಳ ಬೆಲೆ ಆಗ 2,80,428 ರೂಪಾಯಿ. ಒಂದೊಂದಕ್ಕೆ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು. ಹೈದರಾಬಾದಿನ ನ್ಯಾಟ್ಕೊ ಕಂಪನಿ 2011ರಲ್ಲಿ ಕಡ್ಡಾಯ ಪರವಾನಗಿಗೆ ಅರ್ಜಿ ಹಾಕಿತು. ಪೇಟೆಂಟ್ ಕಂಟ್ರೋಲರ್ ಪಿ.ಎಚ್. ಕುರಿಯನ್ ಲೆಕ್ಕ ತೆಗೆಸಿ ನೋಡಿದರೆ, ಔಷಧಿ ಬೇಕಾಗಿದ್ದ ರೋಗಿಗಳಲ್ಲಿ ನೂರಕ್ಕೆ ಎರಡಕ್ಕಿಂತ ತುಸು ಹೆಚ್ಚು ಜನರಿಗಷ್ಟೇ ಅದು ತಲುಪಿತ್ತು. ಔಷಧಿ ಇಲ್ಲಿ ತಯಾರಾಗುತ್ತಲೂ ಇರಲಿಲ್ಲ, ಹೊರಗಿನಿಂದ ಬರುತ್ತಿತ್ತು. 2012ರ ಮಾರ್ಚ್ 9ರಂದು, ತಮ್ಮ ಅಧಿಕಾರಾವಧಿಯ ಕೊನೆಯ ದಿನಗಳಲ್ಲಿ, ಕುರಿಯನ್ ಪರವಾನಗಿ ಕೊಟ್ಟರು. ನ್ಯಾಟ್ಕೊ ತಿಂಗಳ ಔಷಧಿಯನ್ನು 8,880 ರೂಪಾಯಿಗಿಂತ ಹೆಚ್ಚಿಗೆ ಮಾರುವಂತಿಲ್ಲ, ಬೇಯರ್‌ಗೆ ಶೇ 6 ರಾಯಧನ ಕೊಡಬೇಕು, ವರ್ಷಕ್ಕೆ 600 ಬಡ ರೋಗಿಗಳಿಗೆ ಉಚಿತವಾಗಿ ಕೊಡಬೇಕು, ಪರವಾನಗಿಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಎರಡು ಸಾವಿರ ಚಿಲ್ಲರೆ ರೂಪಾಯಿಯ ಮಾತ್ರೆ 74 ರೂಪಾಯಿಗೆ ಬಂತು. ಬೇಯರ್ ಮೇಲ್ಮನವಿ ಮಂಡಳಿಗೆ ಹೋಯಿತು, ಮಂಡಳಿ ರಾಯಧನವನ್ನು ಶೇ 7ಕ್ಕೆ ಏರಿಸಿ ಪರವಾನಗಿ ಎತ್ತಿಹಿಡಿಯಿತು. ಬಾಂಬೆ ಹೈಕೋರ್ಟ್ 2014ರ ಜುಲೈನಲ್ಲಿ ಎತ್ತಿಹಿಡಿಯಿತು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಧ್ಯೆ ಬರಲು ನಿರಾಕರಿಸಿತು. ದರೋಡೆ ಎನ್ನುವವರ ವಾದವನ್ನು ಈ ದೇಶದ ಯಾವ ಮೆಟ್ಟಿಲೂ ಒಪ್ಪಲಿಲ್ಲ.

ಅದು ಮೊದಲನೆಯದು. ಅಲ್ಲಿಂದೀಚೆಗೆ ಎರಡನೆಯದಿಲ್ಲ.

ನನ್ನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್ ಮೂಳೆಗೆ ಹರಡಿದಾಗ ಬೆಂಗಳೂರಿನ ವೈದ್ಯರು ಹೊಸದೊಂದು ಮಾತ್ರೆ ಬರೆದುಕೊಟ್ಟರು. ಪೇಟೆಂಟ್ ಇದ್ದ ಮಾತ್ರೆ, ಒಂದೇ ಕಂಪನಿಯದ್ದು. ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತೊಂದು ದಿನ ನುಂಗಬೇಕು, ಏಳು ದಿನ ಬಿಡಬೇಕು. ಒಂದು ಸುತ್ತಿನ ಬೆಲೆ ಚಿಕ್ಕಪ್ಪನ ಎರಡು ತಿಂಗಳ ಪಿಂಚಣಿ. ಚಿಕ್ಕಪ್ಪ ಹಳೆಯ ಡೈರಿಯೊಂದರಲ್ಲಿ ಗೆರೆ ಎಳೆದು ಒಂದು ಕಡೆ ಮಾತ್ರೆ, ಇನ್ನೊಂದು ಕಡೆ ದುಡ್ಡು ಬರೆಯುತ್ತಿದ್ದರು. ಎರಡು ಎಳೆ ಸರ ಗಿರವಿಗೆ ಹೋದದ್ದು ಬರೆದಿದ್ದಾರೆ, ಬಳೆ ಹೋದದ್ದು ಬರೆದಿದ್ದಾರೆ, ಅಡಿಕೆ ಮಂಡಿಯವರಿಂದ ಮುಂಗಡ ತಂದದ್ದು ಬರೆದಿದ್ದಾರೆ. ಚಿಕ್ಕಮ್ಮ ಬಿಡುವಿನ ಏಳು ದಿನವನ್ನು ಹತ್ತು ಮಾಡಿದರು. ಆಮೇಲೆ ಹದಿನೈದು. ನಾನು ಜಗಳ ಮಾಡಿದರೆ, “ದೇಹಕ್ಕೂ ಸ್ವಲ್ಪ ರೆಸ್ಟ್ ಬೇಕು ಕಣೋ, ನಿಂಗೇನು ಗೊತ್ತಾಗುತ್ತೆ” ಎಂದರು. ಅವರು ಲೆಕ್ಕ ಹಾಕುತ್ತಿದ್ದದ್ದು ತಮ್ಮ ದೇಹದ್ದಲ್ಲ, ಮಗಳ ಮದುವೆಯದ್ದು ಎಂದು ಮನೆಯವರಿಗೆಲ್ಲ ಗೊತ್ತಿತ್ತು. ತೀರಿಕೊಂಡಾಗ ಒಡೆಯದ ಒಂದು ಡಬ್ಬಿ ಉಳಿದಿತ್ತು. ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದೇ ಮಾತ್ರೆ ಬರೆಸಿಕೊಂಡಿದ್ದ ಇನ್ನೊಬ್ಬ ಹೆಂಗಸಿನ ಮಗನಿಗೆ, ವೈದ್ಯರಿಗೆ ಹೇಳಿ, ನಾನೇ ಕೊಟ್ಟು ಬಂದೆ. ರಾಯಚೂರು ಕಡೆಯ ಹುಡುಗ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದ್ದು ಒಂದೇ: “ಎಷ್ಟು ದಿನಕ್ಕೆ ಬರ್ತದ್ರೀ ಅಣ್ಣಾರ?”

ಸಂಶೋಧನೆ ಸಾಯುತ್ತದೆ ಎನ್ನುವವರು ಆ ಹುಡುಗನ ಎದುರು ಕೂತು ತಮ್ಮ ವಾದ ಹೇಳಲಿ. ಆದರೂ ವಾದಕ್ಕೆ ಉತ್ತರ ಕೊಡಬೇಕು, ಕೊಡುತ್ತೇನೆ. ಸೊರಾಫೆನಿಬ್‌ಗೆ ಅಮೆರಿಕದಲ್ಲಿ ಅಪರೂಪದ ಕಾಯಿಲೆಯ ಔಷಧಿ ಎಂಬ ಮಾನ್ಯತೆ ಸಿಕ್ಕಿತ್ತು. ಅಂಥ ಔಷಧಿಗಳ ಪ್ರಯೋಗದ ಖರ್ಚಿನ ಅರ್ಧದಷ್ಟನ್ನು ಅಲ್ಲಿನ ಸರ್ಕಾರ ಆಗ ತೆರಿಗೆಯಲ್ಲಿ ಬಿಟ್ಟುಕೊಡುತ್ತಿತ್ತು. ಬೇಯರ್‌ನ ಆಗಿನ ಮುಖ್ಯಸ್ಥ ಮಾರೈನ್ ಡೆಕ್ಕರ್ಸ್ 2013ರಲ್ಲಿ ಸಭೆಯೊಂದರಲ್ಲಿ, ಈ ಔಷಧಿಯನ್ನು ತಾವು ಭಾರತದ ಮಾರುಕಟ್ಟೆಗೆಂದು ಮಾಡಿದ್ದಲ್ಲ, ಕೊಳ್ಳುವ ಶಕ್ತಿಯಿರುವ ಪಾಶ್ಚಾತ್ಯ ರೋಗಿಗಳಿಗೆ ಮಾಡಿದ್ದು ಎಂಬರ್ಥದ ಮಾತಾಡಿದರು. ಆ ಮಾತು ದೊಡ್ಡ ಸುದ್ದಿಯಾಗಿ, ಆಮೇಲೆ ಸಮಜಾಯಿಷಿ ಕೊಟ್ಟರು. ಅವರ ಮೇಲೆ ಕೋಪ ಮಾಡಿಕೊಳ್ಳುವ ಬದಲು ಆ ಮಾತಿನ ತರ್ಕ ಹಿಡಿದು ಹೋಗೋಣ. ಸಂಶೋಧನೆಯ ಖರ್ಚು ವಸೂಲಾಗುವುದು ಅಮೆರಿಕ, ಯುರೋಪುಗಳಲ್ಲಿ ಎಂದಾದರೆ, ಇಲ್ಲಿ ಆ ಔಷಧಿ ಕೊಳ್ಳಲಾಗದ ನೂರಕ್ಕೆ ಸುಮಾರು ತೊಂಬತ್ತೆಂಟು ಮಂದಿಗೆ ನ್ಯಾಟ್ಕೊ ಮಾರಿದರೆ ಯಾವ ಸಂಶೋಧನೆಯ ಯಾವ ರೂಪಾಯಿ ಕಡಿಮೆಯಾಯಿತು? ಅವರಿಂದ ಬೇಯರ್‌ಗೆ ಮೊದಲು ಬರುತ್ತಿದ್ದದ್ದು ಸೊನ್ನೆ. ಪರವಾನಗಿ ಕೊಟ್ಟ ಮೇಲೆ ಶೇ 7.

ಬಂಡವಾಳ ಓಡಿಹೋಗುತ್ತದೆ ಎಂದವರು 2012ರ ನಂತರದ ಅಂಕಿಗಳನ್ನು ನೋಡಲಿ. ಪರವಾನಗಿ ಕೊಟ್ಟ ವರ್ಷ ಭಾರತದಲ್ಲಿ ಸಲ್ಲಿಕೆಯಾದ ಪೇಟೆಂಟ್ ಅರ್ಜಿಗಳು ಸುಮಾರು 43 ಸಾವಿರ. 2023–24ರಲ್ಲಿ 92 ಸಾವಿರ ದಾಟಿದವು. ಕೆನಡಾ 1923ರಲ್ಲೇ ಔಷಧಿಗಳಿಗೆ ಕಡ್ಡಾಯ ಪರವಾನಗಿಯ ಕಾನೂನು ಮಾಡಿತ್ತು. 1969ರಲ್ಲಿ ಆಮದಿಗೂ ಅದನ್ನು ವಿಸ್ತರಿಸಿ, ಶೇ 4 ರಾಯಧನದ ಮೇಲೆ ನೂರಾರು ಪರವಾನಗಿ ಕೊಟ್ಟಿತು. 1985ರಲ್ಲಿ ಈಸ್ಟ್‌ಮನ್ ಆಯೋಗ ಲೆಕ್ಕ ಹಾಕಿದಾಗ ಒಂದೇ ವರ್ಷದಲ್ಲಿ ಜನರಿಗೆ 20 ಕೋಟಿ ಡಾಲರಿಗೂ ಹೆಚ್ಚು ಉಳಿತಾಯವಾಗಿತ್ತು, ಉದ್ಯಮ ಬೆಳೆಯುತ್ತಲೇ ಇತ್ತು. ಆ ಕಾನೂನು ಹೋದದ್ದು ವ್ಯಾಪಾರ ಒಪ್ಪಂದಗಳ ಒತ್ತಡದಲ್ಲಿ.

ಇನ್ನು ‘ಮುಂದುವರಿದ ದೇಶಗಳು ಹೀಗೆ ಮಾಡುವುದಿಲ್ಲ’ ಎಂಬ ಮಾತು. ಇದು ಶುದ್ಧ ಸುಳ್ಳು. 1961ರಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವರಾಗಿದ್ದ ಇನಾಕ್ ಪೊವೆಲ್ ಸಮಾಜವಾದಿಯಲ್ಲ, ಕನ್ಸರ್ವೇಟಿವ್ ಪಕ್ಷದವರು, ಮುಕ್ತ ಮಾರುಕಟ್ಟೆಯ ಕಟ್ಟಾ ಪ್ರತಿಪಾದಕರು. ಫೈಜರ್ ಕಂಪನಿಯ ಟೆಟ್ರಾಸೈಕ್ಲಿನ್ ದುಬಾರಿಯೆಂದು ಅವರು ಸರ್ಕಾರಿ ಆಸ್ಪತ್ರೆಗಳಿಗೆ ಇಟಲಿಯಿಂದ ಅಗ್ಗದ್ದನ್ನು ತರಿಸಿದರು. ಪೇಟೆಂಟ್ ಇರುವ ವಸ್ತುವನ್ನು ಸರ್ಕಾರದ ಸೇವೆಗೆ ಬಳಸಿಕೊಳ್ಳುವ ಅಧಿಕಾರ ಅಲ್ಲಿನ ಕಾನೂನಿನಲ್ಲಿತ್ತು. ಫೈಜರ್ ಮೊಕದ್ದಮೆ ಹೂಡಿತು, 1965ರಲ್ಲಿ ಹೌಸ್ ಆಫ್ ಲಾರ್ಡ್ಸ್ ಸರ್ಕಾರದ ಪರ ತೀರ್ಪು ಕೊಟ್ಟಿತು. ಅಮೆರಿಕದಲ್ಲಿ 1910ರಿಂದಲೂ ಒಂದು ಕಾನೂನಿದೆ: ಸರ್ಕಾರ ಯಾರದೇ ಪೇಟೆಂಟ್ ಬಳಸಿಕೊಂಡರೆ ಮಾಲೀಕ ಪರಿಹಾರ ಕೇಳಬಹುದು, ತಡೆಯಾಜ್ಞೆ ಕೇಳುವಂತಿಲ್ಲ. 2001ರಲ್ಲಿ ಅಂಚೆಯಲ್ಲಿ ಆಂಥ್ರಾಕ್ಸ್ ಪುಡಿ ಬಂದು ಐವರು ಸತ್ತಾಗ ಸಿಪ್ರೊ ಮಾತ್ರೆಗೆ ಬೇಡಿಕೆ ಬಂತು. ಆರೋಗ್ಯ ಕಾರ್ಯದರ್ಶಿ ಟಾಮಿ ಥಾಂಪ್ಸನ್, ಬೆಲೆ ಇಳಿಸದಿದ್ದರೆ ಬೇರೆ ಕಡೆ ನೋಡಬೇಕಾಗುತ್ತದೆ ಎಂಬ ಬೆದರಿಕೆ ಒಡ್ಡಿದರು. 1.77 ಡಾಲರಿದ್ದ ಮಾತ್ರೆ 95 ಸೆಂಟಿಗೆ ಇಳಿಯಿತು. ಆ ಕಂಪನಿಯೂ ಬೇಯರ್. ಜರ್ಮನಿಯ ಅತ್ಯುನ್ನತ ನ್ಯಾಯಾಲಯವೇ 2017ರಲ್ಲಿ ಎಚ್‌ಐವಿ ಔಷಧಿ ರಾಲ್ಟೆಗ್ರಾವಿರ್‌ಗೆ ಕಡ್ಡಾಯ ಪರವಾನಗಿ ಎತ್ತಿಹಿಡಿಯಿತು.

ಬಡ ದೇಶ ಅದನ್ನೇ ಮಾಡಿದರೆ ಬೆದರಿಕೆ ಬರುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಥಾಯ್ಲೆಂಡ್ 2006–07ರಲ್ಲಿ ಎಚ್‌ಐವಿ ಮತ್ತು ಹೃದ್ರೋಗದ ಔಷಧಿಗಳಿಗೆ ಪರವಾನಗಿ ಕೊಟ್ಟಾಗ ಅಬಾಟ್ ಕಂಪನಿ ತನ್ನ ಹೊಸ ಔಷಧಿಗಳ ನೋಂದಣಿ ಅರ್ಜಿಗಳನ್ನೇ ಅಲ್ಲಿಂದ ವಾಪಸ್ ತೆಗೆದುಕೊಂಡಿತು. ಥಾಯ್ಲೆಂಡ್ ಮಣಿಯಲಿಲ್ಲ. 2007ರಲ್ಲಿ ಬ್ರೆಜಿಲ್ ಎಫಾವಿರೆಂಜ್ ವಿಷಯದಲ್ಲಿ ಅದೇ ದಾರಿ ಹಿಡಿಯಿತು. ಮೆರ್ಕ್ ಕಂಪನಿಯ ಮಾತ್ರೆ 1.59 ಡಾಲರ್, ಬದಲಿಗೆ ತರಿಸಿದ್ದು 45 ಸೆಂಟಿನದ್ದು. ಆ 45 ಸೆಂಟಿನ ಮಾತ್ರೆ ಹೋದದ್ದು ಭಾರತದಿಂದ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಎಂದರೆ ಇದೇ. ಬ್ರೆಜಿಲ್‌ಗೆ ಧೈರ್ಯವಿತ್ತು, ಸಾಕಷ್ಟು ಕಾರ್ಖಾನೆ ಇರಲಿಲ್ಲ. ನಮ್ಮಲ್ಲಿ ಕಾರ್ಖಾನೆಯೂ ಇದೆ, ರಸಾಯನಶಾಸ್ತ್ರಜ್ಞರೂ ಇದ್ದಾರೆ, ಕಾನೂನೂ ಇದೆ.

ಆ ಕಾನೂನಿನ ಬೇರೂ ಇಲ್ಲಿಯದೇ. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ 1959ರಲ್ಲಿ ಕೊಟ್ಟ ವರದಿ, ಇಲ್ಲಿನ ಪೇಟೆಂಟ್‌ಗಳಲ್ಲಿ ಬಹುಪಾಲು ವಿದೇಶಿಯರ ಕೈಯಲ್ಲಿವೆ, ಅವುಗಳಲ್ಲಿ ಬಹುಪಾಲು ಈ ನೆಲದಲ್ಲಿ ಬಳಕೆಯಾಗುತ್ತಲೇ ಇಲ್ಲ ಎಂದು ತೋರಿಸಿತು. 1970ರ ಕಾಯಿದೆ ಹುಟ್ಟಿದ್ದು ಆ ವರದಿಯಿಂದ. ‘ಉಳುವವನೇ ಹೊಲದೊಡೆಯ’ ಎಂದು ಈ ರಾಜ್ಯ ಹೇಳಿದ ಕಾಲದ ಕಾನೂನು ಅದು. ಬಳಸದೆ ಬೇಲಿ ಹಾಕಿಕೊಂಡು ಕೂರುವಂತಿಲ್ಲ ಎಂಬ ಅದೇ ತಿಳಿವಳಿಕೆ ಅಲ್ಲೂ ಇದೆ. 2005ರಲ್ಲಿ ಔಷಧಿಗಳಿಗೆ ಉತ್ಪನ್ನ ಪೇಟೆಂಟ್ ಮರಳಿ ಬಂದಾಗ ಸಂಸತ್ತು ಈ ಕಲಂಗಳನ್ನು ಉಳಿಸಿಕೊಂಡದ್ದು ಆಲೋಚಿಸಿಯೇ. ವಿಶ್ವ ವ್ಯಾಪಾರ ಸಂಸ್ಥೆಯ 2001ರ ದೋಹಾ ಘೋಷಣೆ ಕೂಡ, ಯಾವ ಕಾರಣಕ್ಕೆ ಪರವಾನಗಿ ಕೊಡಬೇಕೆಂದು ತೀರ್ಮಾನಿಸುವ ಸ್ವಾತಂತ್ರ್ಯ ಆಯಾ ದೇಶದ್ದು ಎಂದು ಒಪ್ಪಿಕೊಂಡಿತು.

ಆಮೇಲೆ ಏನಾಯಿತು? ಡಾಸಾಟಿನಿಬ್ ಎಂಬ ರಕ್ತದ ಕ್ಯಾನ್ಸರಿನ ಔಷಧಿಗೆ ಬಂದ ಅರ್ಜಿ 2013ರಲ್ಲಿ ಬಾಗಿಲಲ್ಲೇ ತಿರಸ್ಕೃತವಾಯಿತು. ಅರ್ಜಿದಾರ ಮೊದಲು ಕಂಪನಿಯೊಂದಿಗೆ ಸರಿಯಾಗಿ ಮಾತುಕತೆ ನಡೆಸಿಲ್ಲ ಎಂಬುದು ಕಾರಣ. ಮಧುಮೇಹದ ಸಾಕ್ಸಾಗ್ಲಿಪ್ಟಿನ್‌ಗೆ ಬಂದದ್ದು 2016ರಲ್ಲಿ ಬಿತ್ತು. ಎಷ್ಟು ಜನರಿಗೆ ಬೇಕು, ಎಷ್ಟು ಜನರಿಗೆ ಸಿಗುತ್ತಿಲ್ಲ ಎಂಬ ಲೆಕ್ಕವನ್ನು ಅರ್ಜಿದಾರ ರುಜುವಾತು ಮಾಡಲಿಲ್ಲ ಎಂದರು. ಆ ಲೆಕ್ಕ ಇರುವುದು ಯಾರ ಬಳಿ? ಪೇಟೆಂಟ್ ಹಿಡಿದವರ ಬಳಿ. ಪೇಟೆಂಟನ್ನು ಇಲ್ಲಿ ಹೇಗೆ ಬಳಸುತ್ತಿದ್ದೇವೆಂದು ಅವರು ಫಾರ್ಮ್ 27ರಲ್ಲಿ ಪ್ರತಿ ವರ್ಷ ಬರೆದುಕೊಡಬೇಕಿತ್ತು. 2020ರಲ್ಲಿ ಆ ಫಾರ್ಮನ್ನು ಮೊಟಕುಗೊಳಿಸಿದರು. 2024ರ ಮಾರ್ಚಿನಲ್ಲಿ ನಿಯಮ ತಿದ್ದಿ, ಮೂರು ವರ್ಷಕ್ಕೊಮ್ಮೆ ಕೊಟ್ಟರೆ ಸಾಕೆಂದರು. ಲೆಕ್ಕ ತಾ ಎಂದು ಅರ್ಜಿದಾರನನ್ನು ಕೇಳುವುದು, ಲೆಕ್ಕ ಸಿಗುವ ಬಾಗಿಲನ್ನು ತಾನೇ ಮುಚ್ಚುವುದು. ಕಲಂ ಪುಸ್ತಕದಲ್ಲಿ ಹಾಗೆಯೇ ಇದೆ; ಅದರ ಕಾಲು ಮುರಿದಿದ್ದಾರೆ.

2021ರ ಏಪ್ರಿಲ್ 30ರಂದು, ಕೋವಿಡ್‌ನ ಎರಡನೆಯ ಅಲೆಯಲ್ಲಿ ಜನ ಟೊಸಿಲಿಝುಮ್ಯಾಬ್, ರೆಮ್ಡೆಸಿವಿರ್ ಹುಡುಕಿಕೊಂಡು ರಾತ್ರಿಯೆಲ್ಲ ಅಲೆಯುತ್ತಿದ್ದಾಗ, 92 ಮತ್ತು 100ನೆಯ ಕಲಂಗಳನ್ನು ಏಕೆ ಬಳಸಬಾರದೆಂದು ಸುಪ್ರೀಂ ಕೋರ್ಟ್ ಕೇಳಿತು. ಅಂಥ ಅಧಿಕಾರದ ಪ್ರಸ್ತಾಪ ಮಾಡಿದರೂ ಗಂಭೀರ ದುಷ್ಪರಿಣಾಮವಾದೀತು ಎಂಬ ಧಾಟಿಯ ಪ್ರಮಾಣಪತ್ರ ಕೇಂದ್ರದಿಂದ ಬಂತು. ಅದೇ ಹೊತ್ತಿನಲ್ಲಿ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ನಮ್ಮದೇ ಸರ್ಕಾರ ದಕ್ಷಿಣ ಆಫ್ರಿಕಾದ ಜೊತೆ ನಿಂತು, ಕೋವಿಡ್‌ಗೆ ಸಂಬಂಧಿಸಿದ ಪೇಟೆಂಟ್‌ಗಳನ್ನು ಇಡೀ ಜಗತ್ತಿನಲ್ಲೇ ತಾತ್ಕಾಲಿಕವಾಗಿ ತಡೆಹಿಡಿಯಿರಿ ಎಂದು ವಾದಿಸುತ್ತಿತ್ತು. ಹೊರಗೆ ಹೇಳಿದ ಮಾತನ್ನು ಮನೆಯೊಳಗೆ ನುಂಗಿಕೊಂಡದ್ದು ಆ ದಿನಗಳಲ್ಲಿ ನನ್ನನ್ನು ಬಹಳ ನೋಯಿಸಿತು. 2025ರ ಜುಲೈನಲ್ಲಿ ಬ್ರಿಟನ್ ಜೊತೆ ಸಹಿಯಾದ ವ್ಯಾಪಾರ ಒಪ್ಪಂದ, ಔಷಧಿ ಜನರಿಗೆ ತಲುಪಲು ಸ್ವಯಂಪ್ರೇರಿತ ಪರವಾನಗಿಯೇ ಉತ್ತಮ ದಾರಿ ಎಂದು ಬರೆದುಕೊಂಡಿದೆ. ಪೊವೆಲ್ ಇಟಲಿಯಿಂದ ಮಾತ್ರೆ ತರಿಸಿದ ಬ್ರಿಟನ್ ಜೊತೆಗೇ.

ಸ್ವಯಂಪ್ರೇರಿತ ಪರವಾನಗಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಕಂಪನಿ ತಾನಾಗಿ ಕೊಟ್ಟರೆ ಸಂತೋಷ. ಆದರೆ ಸಿಪ್ರೊ ಬೆಲೆ ಅರ್ಧಕ್ಕೆ ಇಳಿದದ್ದು ಥಾಂಪ್ಸನ್ ಬಾಯಿಬಿಟ್ಟ ಮೇಲೆ. ಎದುರಿಗಿರುವವನು ಎಂದೂ ಕೈ ಎತ್ತುವುದಿಲ್ಲ ಎಂದು ಖಾತ್ರಿಯಾದ ಮೇಲೆ ಯಾವ ವ್ಯಾಪಾರಿ ತಾನಾಗಿ ಬೆಲೆ ಇಳಿಸುತ್ತಾನೆ? ಸಂತೆಯಲ್ಲಿ ಮೆಣಸಿನಕಾಯಿ ಕೊಳ್ಳುವವಳಿಗೂ ಇದು ಗೊತ್ತು: ಎದ್ದು ಹೋಗಲು ಸಿದ್ಧಳಿದ್ದರೆ ಮಾತ್ರ ಚೌಕಾಶಿ.

ಎರಡು ಕಷ್ಟಗಳು ನಿಜ, ಅವನ್ನು ಒಪ್ಪಲೇಬೇಕು. ಜೀವಕೋಶಗಳಲ್ಲಿ ಬೆಳೆಸುವ ಜೈವಿಕ ಔಷಧಿಗಳಿಗೆ ಪೇಟೆಂಟ್ ಕಾಗದವೊಂದೇ ಸಾಲದು, ಮಾಡುವ ವಿದ್ಯೆ ಬೇಕು, ಪ್ರಯೋಗ ಬೇಕು, ಅನುಮತಿ ಬೇಕು. ಅದೂ ನಮಗೆ ಬಾರದ್ದಲ್ಲ. ಸ್ತನ ಕ್ಯಾನ್ಸರಿನ ಟ್ರಾಸ್ಟುಝುಮ್ಯಾಬ್‌ನ ಜೈವಿಕ ಸದೃಶ ಔಷಧಿಯನ್ನು ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು. ಎರಡನೆಯದು, ಸರ್ಕಾರ ತನಗೆ ಬೇಕಾದ ಕಂಪನಿಗೆ ಪರವಾನಗಿ ಹಂಚೀತು ಎಂಬ ಭಯ. ಗಣಿ ಗುತ್ತಿಗೆಗಳ ಕಥೆ ಕಂಡಿರುವ ನಮಗೆ ಈ ಭಯ ಸಹಜ. ಅದಕ್ಕೆ ಪರಿಹಾರ ಕುರಿಯನ್ ಆದೇಶದಲ್ಲೇ ಇದೆ: ಬಹಿರಂಗ ವಿಚಾರಣೆ, ಕಾರಣಸಹಿತ ಆದೇಶ, ಬೆಲೆಗೆ ಮಿತಿ, ರಾಯಧನ, ಮೇಲ್ಮನವಿ. ಅದರ ಮೇಲೆ ಒಬ್ಬರಿಗಲ್ಲ, ಅರ್ಹರೆಲ್ಲರಿಗೂ ಕೊಡಲಿ. ಅಧಿಕಾರದ ದುರುಪಯೋಗಕ್ಕೆ ಹೆದರಿ ಅಧಿಕಾರವನ್ನೇ ಬಳಸದಿರುವುದಾದರೆ ರೇಷನ್ ಅಂಗಡಿಯನ್ನೂ ಮುಚ್ಚಬೇಕಾಗುತ್ತದೆ.

ಬಳಸಿದರೆ ಆಕಾಶ ಕಳಚಿ ಬೀಳುವುದಿಲ್ಲ ಎನ್ನಲು ಬೆಂಗಳೂರಿನದೇ ಒಂದು ಪ್ರಸಂಗವಿದೆ. ನೇರಳೆ ಮೊದಲಾದ ಸಸ್ಯಗಳಿಂದ ಮಧುಮೇಹಕ್ಕೆಂದು ಮಾಡಿದ ಮಿಶ್ರಣವೊಂದಕ್ಕೆ ಇಲ್ಲಿನ ಅವೆಸ್ತಾಜೆನ್ ಕಂಪನಿ ಪೇಟೆಂಟ್ ಪಡೆದಿತ್ತು. ಅದು ನಾಡಿನ ಪಾರಂಪರಿಕ ತಿಳಿವಳಿಕೆ ಎಂದು ಕೇಂದ್ರ ಸರ್ಕಾರ 2012ರಲ್ಲಿ 66ನೆಯ ಕಲಂ ಬಳಸಿ ಆ ಪೇಟೆಂಟನ್ನೇ ರದ್ದು ಮಾಡಿತು. ಪರವಾನಗಿಯಲ್ಲ, ರದ್ದು. ರಾಯಧನವೂ ಇಲ್ಲ. ಸಂಶೋಧನೆ ಸತ್ತಿತೆಂದು ಯಾವ ವಾಣಿಜ್ಯ ಪುಟವೂ ಆಗ ಅಳಲಿಲ್ಲ.

2022ರಲ್ಲಿ ಕೇರಳದ ಮಹಿಳೆಯೊಬ್ಬರು ಅಲ್ಲಿನ ಹೈಕೋರ್ಟಿಗೆ ಹೋದರು. ಅವರಿಗೂ ಸ್ತನ ಕ್ಯಾನ್ಸರ್. ರೈಬೊಸಿಕ್ಲಿಬ್ ಎಂಬ ಔಷಧಿಗೆ ತಿಂಗಳಿಗೆ ಸುಮಾರು 58 ಸಾವಿರ ರೂಪಾಯಿ ಆಗುತ್ತದೆ, ನನ್ನಿಂದ ಸಾಧ್ಯವಿಲ್ಲ, ಕಾನೂನು ಕೊಟ್ಟಿರುವ ಅಧಿಕಾರ ಬಳಸಿ ಬೇರೆಯವರೂ ಇದನ್ನು ತಯಾರಿಸುವಂತೆ ಸರ್ಕಾರಕ್ಕೆ ಹೇಳಿ ಎಂದು ಕೇಳಿದರು. ನ್ಯಾಯಾಲಯ ಕೇಂದ್ರದ ಉತ್ತರ ಕೇಳಿತು. ಪ್ರಕರಣ ಇತ್ಯರ್ಥವಾಗುವ ಮೊದಲೇ ಆಕೆ ತೀರಿಕೊಂಡರು. ಅರ್ಜಿದಾರರಿಲ್ಲದ ಮೇಲೆ ಕಡತ ಮುಚ್ಚುವುದು ವಾಡಿಕೆ. ಹೈಕೋರ್ಟ್ ಮುಚ್ಚಲಿಲ್ಲ, ಇದೇ ಔಷಧಿಗೆ ಕಾಯುವವರು ಇನ್ನೂ ಬಹಳ ಜನರಿದ್ದಾರೆ ಎಂದು ಸ್ವಯಂಪ್ರೇರಿತವಾಗಿ ಆ ಪ್ರಕರಣವನ್ನು ಮುಂದುವರಿಸಿತು.